ಪೀಪಾಯಿ ಒಲೆಯ ಬೂದಿ

ಹಿತ್ತಲು

೧೯೮೪ನೇ ಇಸವಿ ಏಪ್ರಿಲ್ ೧೪, ಶನಿವಾರ, ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ, ಆಸ್ಟ್ರೇಲಿಯಾದ ಪಶ್ಚಿಮ ತುದಿಯ ಪರ್ತ್ ಪಟ್ಟಣದಲ್ಲಿ ನನ್ನ ಗೆಳತಿ ಸುಶೀಲಳ ಮನೆಯ ಹಿತ್ತಲು. ಹಾಜರಿದ್ದವರು ನಾನು, ಸುಶೀಲ, ಮತ್ತು ಬೇಲಿಯಾಚೆ ಬದನೆ ಗಿಡಗಳಿಗೆ ನೀರು ಬಿಡುತ್ತಿದ್ದ ಪಕ್ಕದ ಮನೆಯ ಬ್ರೂನೋ. ನಾನು ಕೋಲಾರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ವಾರ್ಡು ಒಪ್ಪಿಸುವಾಗ ದಿನ, ಗಂಟೆ, ಎದುರಿಗಿದ್ದವರು ಯಾರು ಎಂಬುದನ್ನು ಮೊದಲು ಹೇಳಿ ಆಮೇಲೆ ರೋಗಿಯ ವಿಷಯಕ್ಕೆ ಬರುವುದು ನಮ್ಮ ಪದ್ಧತಿ.

ಅಂದಿನ ರೋಗಿ ಒಂದು ಒಲೆ.

ಎಣ್ಣೆ ಪೀಪಾಯಿಯೊಂದನ್ನು ಅಡ್ಡ ಮಲಗಿಸಿ, ಉದ್ದಕ್ಕೆ ಸೀಳಿ, ಮೇಲಿನ ಅರ್ಧಕ್ಕೆ ಕೀಲು ಜೋಡಿಸಿ ಮುಚ್ಚಳ ಮಾಡಿದ್ದರು. ಕೆಳಗಿನ ಅರ್ಧದಲ್ಲಿ ಕಬ್ಬಿಣದ ಸರಳುಗಳ ಜಾಲರಿ. ಒಂದು ಮಗ್ಗುಲಲ್ಲಿ ಬೆಂಕಿಗೂಡು, ಇನ್ನೊಂದು ಮಗ್ಗುಲಲ್ಲಿ ಹೊಗೆಕೊಳವೆ. ಸೌದೆ ಒಂದು ಕಡೆ ಉರಿಯುತ್ತಿದ್ದರೆ ಹೊಗೆ ಪೀಪಾಯಿಯ ಒಳಗೆಲ್ಲ ಸುತ್ತಿ ಇನ್ನೊಂದು ಕಡೆಯಿಂದ ಹೊರಟುಹೋಗುತ್ತದೆ. ಜಾಲರಿಯ ಮೇಲಿಟ್ಟ ಮಾಂಸ ಆ ಹೊಗೆಯಲ್ಲೇ ನಿಧಾನವಾಗಿ ಬೇಯುತ್ತದೆ. ನಮ್ಮಲ್ಲಿ ಹಿತ್ತಲಿಗೊಂದು ಕರಿಬೇವಿನ ಗಿಡ ಇರುವಂತೆ ಆ ಊರಿನಲ್ಲಿ ಹಿತ್ತಲಿಗೊಂದು ಇಂಥ ಒಲೆ. ಬಾರ್ಬೆಕ್ಯೂ ಎನ್ನುತ್ತಾರೆ. ಉಳಿದವರದೆಲ್ಲ ಅಂಗಡಿಯ ಸರಕು. ಸುಶೀಲಳದು ಮಾತ್ರ ಅವಳ ಗಂಡ ಫ್ರೆಡ್ಡಿ ತಾನೇ ಮಾಡಿದ್ದು. ಅವನು ನಮ್ಮ ಕಡೆಯ ಚಿನ್ನದ ಗಣಿಯಲ್ಲಿ ಫಿಟ್ಟರಾಗಿದ್ದ ಆಂಗ್ಲೋ ಇಂಡಿಯನ್ ಹುಡುಗ. ಕಬ್ಬಿಣ ಅವನ ಮಾತು ಕೇಳುತ್ತಿತ್ತು.

ಫ್ರೆಡ್ಡಿ ತೀರಿಕೊಂಡು ಎರಡು ಚಳಿಗಾಲ ಕಳೆದಿದ್ದವು. ಅಂದಿನಿಂದ ಆ ಮುಚ್ಚಳವನ್ನು ಯಾರೂ ಎತ್ತಿರಲಿಲ್ಲ.

ನಾನು ಅಲ್ಲಿಗೆ ಹೋದದ್ದು ದೇಶ ನೋಡಲಿಕ್ಕಲ್ಲ, ಸುಶೀಲಳನ್ನು ಕರೆತರಲಿಕ್ಕೆ. ನಾನು ಸುಗಟೂರಿನ ರೇಷ್ಮೆ ಬೆಳೆಯುವವರ ಮಗಳು, ಅವಳು ಶ್ರೀನಿವಾಸಪುರದ ಮಾವಿನ ತೋಪಿನವರ ಮಗಳು. ಕೋಲಾರದಲ್ಲಿ ಒಟ್ಟಿಗೆ ನರ್ಸಿಂಗ್ ಕಲಿತು, ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಇದ್ದೆವು. ಅವಳು ಫ್ರೆಡ್ಡಿಯನ್ನು ಮದುವೆಯಾದಳು. ಮನೆಯವರು ಮಾತು ಬಿಟ್ಟರು. ಇಬ್ಬರೂ ಹಡಗು ಹತ್ತಿ ಹೋದರು. ಮಕ್ಕಳಾಗಲಿಲ್ಲ. ನಾನು ಮದುವೆಯಾಗಲಿಲ್ಲ. ಫ್ರೆಡ್ಡಿ ಹೋದ ಮೇಲೆ ಅವಳೇ ಬರೆದಳು: ಕೋಲಾರಕ್ಕೆ ಬಂದು ನಿನ್ನ ಜೊತೆ ಇದ್ದುಬಿಡುತ್ತೇನೆ, ಒಬ್ಬಳೇ ಮನೆ ಮುಚ್ಚಲು ಕೈ ಬರುತ್ತಿಲ್ಲ, ನೀನು ವಾರ್ಡು ಮುಚ್ಚಿದವಳು, ಬಾ. ನನ್ನ ಮನೆಯಲ್ಲಿ ಬೆಟ್ಟದ ಕಡೆಗೆ ಕಿಟಕಿಯಿರುವ ಕೋಣೆಗೆ ಸುಣ್ಣ ಹೊಡೆಸಿದೆ. ಹತ್ತಿ ಹಿಂಜಿಸಿ ಹೊಸ ಹಾಸಿಗೆ ಹೊಲಿಸಿ ಎರಡನೆಯ ಮಂಚದ ಮೇಲೆ ಹಾಸಿ, ಬೀಗ ಹಾಕಿಕೊಂಡು ಹೊರಟೆ.

ವಿಮಾನ ನಿಲ್ದಾಣ

ಪರ್ತಿನಲ್ಲಿ ಇಳಿದವರ ಗಂಟುಗಳನ್ನು ಬಿಚ್ಚಿಸಿ ನೋಡುತ್ತಾರೆ. ಕಳ್ಳಮಾಲಿಗಲ್ಲ, ಕಾಳಿಗೆ. ಹೊರದೇಶದ ಬೀಜ, ಹುಳ, ಮಣ್ಣು ತಮ್ಮ ನೆಲಕ್ಕೆ ಬರಬಾರದೆಂದು ಬಹಳ ಕಟ್ಟುನಿಟ್ಟು. ಅದು ನನಗೆ ಸರಿಯೆನಿಸಿತು. ನಮ್ಮ ಅಪ್ಪನೂ ರೇಷ್ಮೆಹುಳು ಸಾಕುವ ಮನೆಗೆ ಕಾಲು ತೊಳೆಯದವರನ್ನು ಬಿಡುತ್ತಿರಲಿಲ್ಲ.

ನನ್ನ ಚೀಲ ಬಿಚ್ಚಿದ ಅಧಿಕಾರಿ ಚಡ್ಡಿ ಹಾಕಿ ಮೊಣಕಾಲಿನವರೆಗೆ ಬಿಳಿ ಕಾಲುಚೀಲ ಎಳೆದಿದ್ದ. ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ನೆನಪಾಗಿ ನಾನು ನೆಟ್ಟಗೆ ನಿಂತೆ. ಆತ ರಾಗಿಹಿಟ್ಟನ್ನು ಬೆರಳಲ್ಲಿ ಮುಟ್ಟಿ, “ಇದು ಸಿಮೆಂಟಾ?” ಎಂದ.

“ಊಟ,” ಎಂದೆ.

“ಇದು?”

“ಹುಣಿಸೇಹಣ್ಣು.”

“ತಿನ್ನುವುದಕ್ಕಾ?”

“ತಿನ್ನುವುದಕ್ಕೂ ಹೌದು, ಹಿತ್ತಾಳೆ ಬೆಳಗುವುದಕ್ಕೂ ಹೌದು.”

ಆತ ನನ್ನ ಹೊಟ್ಟೆಯ ಕಡೆ ಅನುಕಂಪದಿಂದ ನೋಡಿದ. ರಾಗಿಹಿಟ್ಟನ್ನೂ ಹುಣಿಸೆಯನ್ನೂ ಬಿಟ್ಟ. ಸುಶೀಲಳಿಗೆಂದು ಒಣಗಿಸಿ ತಂದಿದ್ದ ಅವರೆಬೀಜ, ಪಾತ್ರೆ ಉಜ್ಜುವ ತೆಂಗಿನ ನಾರು ಎರಡನ್ನೂ ಇಕ್ಕಳದಲ್ಲಿ ಹಿಡಿದು ಕಸದ ಪೆಟ್ಟಿಗೆಗೆ ಹಾಕಿದ. ನಾರು ಹೋದದ್ದಕ್ಕೆ ನನಗೆ ಅವರೆಗಿಂತ ಹೆಚ್ಚು ಬೇಜಾರಾಯಿತು.

ಹೊರಗೆ ಸುಶೀಲ ನಿಂತಿದ್ದಳು. ಕತ್ತರಿಸಿದ ಬಿಳಿ ಕೂದಲು, ಪ್ಯಾಂಟು, ಕೈಯಲ್ಲಿ ಕಾರಿನ ಕೀಲಿ. ಯಾರೋ ದೊರೆಸಾನಿ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

“ಏಮೇ ಮೇಟ್ರನ್ನಮ್ಮಾ! ನನಗೇ ದಾರಿ ಬಿಡ್ತೀಯೇನೇ? ಓರಿ ನಾಯನೋ, ಹಿಂಗೆ ಕಡ್ಡಿ ಆಗೋಗಿದ್ದೀಯಲ್ಲೇ ಜಯಾ!”

ಅವಳ ಕೂದಲಿಗೆ ವಯಸ್ಸಾಗಿತ್ತು, ಕನ್ನಡಕ್ಕೆ ಆಗಿರಲಿಲ್ಲ. ಹಡಗು ಹತ್ತುವಾಗ ಏನು ಒಯ್ದಿದ್ದಳೋ ಅದೇ ಶ್ರೀನಿವಾಸಪುರದ, ತೆಲುಗು ಬೆರೆತ, ಸಂತೆಯಲ್ಲಿ ಕೂಗಿ ಕರೆಯುವಂಥ ಕನ್ನಡ. ಕಾರಿನಲ್ಲಿ ಒಂದೇ ಸಮನೆ ಮಾತಾಡಿದಳು. ನಾನು ಸುಮ್ಮನೆ ರಸ್ತೆ ನೋಡುತ್ತಿದ್ದರೆ, “ನೀನೂ ಮಾತಾಡೇ. ಏನಾದ್ರೂ ಮಾತಾಡು. ಬೈಯಾದ್ರೂ ಬೈಯಿ,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಫ್ರೆಡ್ಡಿ ಹೋದ ಮೇಲೆ ನನ್ನ ಯಾರೂ ಲೇ ಅಂದೇ ಇಲ್ಲ ಕಣೇ,” ಎಂದಳು.

“ಲೇ ಸುಶೀ, ಮುಂದೆ ನೋಡ್ಕೊಂಡು ಓಡ್ಸು,” ಎಂದೆ. ಅವಳು ನಕ್ಕು, ಕಣ್ಣೊರೆಸಿಕೊಂಡು, ಮುಂದೆ ನೋಡಿದಳು.

ಅಡುಗೆಮನೆ

ಆ ಊರಿನ ಜನ ಒಳ್ಳೆಯವರು. ಎದುರಾದವರೆಲ್ಲ ಹೇಗಿದ್ದೀರಿ ಎಂದು ಕೇಳುತ್ತಾರೆ. ಉತ್ತರ ಹೇಳಲು ನಿಂತರೆ ಅಷ್ಟರಲ್ಲಿ ಮುಂದಿನ ತಿರುವು ದಾಟಿರುತ್ತಾರೆ. ಕಾರನ್ನು ಮಗುವಿಗೆ ನೀರೆರೆದ ಹಾಗೆ ತೊಳೆಯುತ್ತಾರೆ. ಆದರೆ ಊಟದ ತಟ್ಟೆಗಳನ್ನು ಸೋಪಿನ ನೊರೆಯಲ್ಲಿ ಅದ್ದಿ, ನೊರೆಯ ಸಮೇತ ಎತ್ತಿ, ಬಟ್ಟೆಯಲ್ಲಿ ಒರೆಸಿ ಇಟ್ಟುಬಿಡುತ್ತಾರೆ. ಸುಶೀಲಳೂ ಹಾಗೆಯೇ ಮಾಡಿದ್ದು ಕಂಡು ನನಗೆ ತಡೆಯಲಾಗಲಿಲ್ಲ.

“ಸೋಪು ಯಾರು ತಿನ್ಬೇಕು, ನಾಳೆ ಬರೋರಾ?”

“ಇಷ್ಟು ವರ್ಷ ತಿಂದಿದ್ದೀನಿ. ಸತ್ತಿಲ್ಲ.”

“ಹೊಟ್ಟೆ ಒಳಗಡೆ ಬೆಳ್ಳಗಾಗಿರುತ್ತೆ.”

ಅಂದಿನಿಂದ ಪಾತ್ರೆ ನನ್ನ ಪಾಲಿಗೆ ಬಂತು. ಮನೆ ಮುಚ್ಚುವ ಕೆಲಸವನ್ನು ನಾನು ಕೋಣೆ ಕೋಣೆಯಾಗಿ ಹಿಡಿದೆ. ಕೋಲಾರಕ್ಕೆ ಹೋಗುವುದು ಪೆಟ್ಟಿಗೆಗೆ, ಕೊಡುವುದು ಮೂಲೆಗೆ, ಬಿಸಾಡುವುದು ಬಾಗಿಲಾಚೆ. ಸುಶೀಲ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಅದರ ಕಥೆ ಹೇಳುವಳು. ನಾನು ಕಥೆ ಕೇಳಿ, ವಸ್ತುವನ್ನು ಇಸಿದುಕೊಂಡು, ಅದರ ಜಾಗಕ್ಕೆ ಕಳಿಸುವೆ. ಮನೆ ಮಾರಾಟಕ್ಕಿದೆ ಎಂಬ ಬೋರ್ಡನ್ನು ಮಾತ್ರ ಅವಳು ಇನ್ನೂ ನೆಡಿಸಿರಲಿಲ್ಲ. ಕೇಳಿದಾಗಲೆಲ್ಲ ಸೋಮವಾರ ಎನ್ನುತ್ತಿದ್ದಳು.

ರಸ್ತೆಯಂಚು

ಅಲ್ಲಿ ಒಂದು ಪದ್ಧತಿಯಿದೆ. ಊರಾಡಳಿತದ ಲಾರಿ ಬರುವ ವಾರ, ಬೇಡವಾದ ದೊಡ್ಡ ಸಾಮಾನುಗಳನ್ನು ಮನೆಯ ಮುಂದೆ ರಸ್ತೆಯಂಚಿನ ಹುಲ್ಲಿನ ಮೇಲೆ ಇಡುತ್ತಾರೆ. ಲಾರಿ ಬರುವುದರೊಳಗೆ ಅದರಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಒಯ್ಯಬಹುದು. ಕೇಳುವಂತಿಲ್ಲ, ಕೃತಜ್ಞತೆ ಹೇಳುವಂತಿಲ್ಲ. ನೆಟ್ಟಗಿರುವ ಮಂಚ, ಕನ್ನಡಿ, ಹೊಲಿಗೆಯಂತ್ರ ಬಿಸಿಲಲ್ಲಿ ಸಾಲಾಗಿ ಕೂತಿರುತ್ತವೆ. ನಮ್ಮಲ್ಲಾದರೆ ಹಳೆಯ ಮೊರವನ್ನೂ ಇಂಥವರಿಗೇ ಎಂದು ಕರೆದು ಕೊಡುತ್ತೇವೆ. ಮುಖ ನೋಡದೆ ಕೊಡುವುದು, ಮುಖ ತೋರದೆ ಒಯ್ಯುವುದು ನನಗೆ ಒಗ್ಗಲಿಲ್ಲ.

ಶನಿವಾರ ಬೆಳಿಗ್ಗೆ ಹಿತ್ತಲಿನ ಸರದಿ. ಪೀಪಾಯಿ ಒಲೆಯ ಎರಡು ಪಕ್ಕದಲ್ಲಿ ಹಸಿರು ಬಣ್ಣದ ಎರಡು ಮರದ ಕುರ್ಚಿಗಳಿದ್ದವು. ಬೆಂಕಿ ಕಾಯುತ್ತ ಗಂಡಹೆಂಡಿರು ಕೂರುತ್ತಿದ್ದ ಕುರ್ಚಿಗಳು. ಅವೆರಡನ್ನೂ ನಾನೇ ಹೊತ್ತೊಯ್ದು ರಸ್ತೆಯಂಚಿನಲ್ಲಿ ಇಟ್ಟು ಬಂದೆ. ಸುಶೀಲ ಒಲೆಯ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದಳು.

“ಇದನ್ನೂ ಎಳ್ಕೊಂಡು ಹೋಗಿ ಇಟ್ಬಿಡೋಣ ಕಣೇ. ಬ್ರೂನೋ ಒಂದು ಕೈ ಹಾಕ್ತಾನೆ. ಮುಚ್ಚಳ ತೆಗೆಯೋದು ಬೇಡ.”

“ಒಳಗೆ ಬೂದಿ ಇದೆಯಾ?”

“ಇರುತ್ತೆ. ಅವನು ಕೊನೇ ಸಲ ಹಚ್ಚಿದ್ದು. ಮಾರನೇ ದಿನ ಆಸ್ಪತ್ರೆಗೆ ಹೋದ.”

“ಹಂಗಾದ್ರೆ ಇವತ್ತು ಹೊರಗೆ ಹೋಗಲ್ಲ,” ಎಂದೆ. ನಮ್ಮ ಸುಗಟೂರಿನ ಮನೆಯಲ್ಲಿ ಅಮ್ಮನದೊಂದು ಕಟ್ಟಳೆಯಿತ್ತು. ಮನೆ ಬದಲಿಸುವಾಗ ಒಲೆಯಲ್ಲಿ ಬೂದಿ ಬಿಟ್ಟು ಹೊರಡಕೂಡದು. ಬೂದಿ ತೋಡಿ, ಒಲೆ ಸಾರಿಸಿ, ಎರಡೆಳೆ ರಂಗೋಲಿ ಎಳೆದು, ಆಮೇಲೆ ಹೊಸ್ತಿಲು ದಾಟಬೇಕು. ಇಷ್ಟು ದಿನ ಅನ್ನ ಹಾಕಿದ್ದರ ಬಾಯಿಗೆ ಬೂದಿ ತುಂಬಿ ಹೋಗುವುದು ಕೃತಘ್ನತೆ ಎನ್ನುತ್ತಿದ್ದಳು. ಸುಶೀಲಳೂ ಅಂಥ ಮನೆಯಿಂದಲೇ ಬಂದವಳು.

“ತೊಳೆದೇ ಕಳ್ಸೋಣ,” ಎಂದಳು. “ಆದ್ರೆ ಮುಚ್ಚಳ ನೀನೇ ತೆಗಿ.”

ಒಲೆಯ ಬಾಯಿ

ಮುಚ್ಚಳ ಏಳಲಿಲ್ಲ. ಕೀಲಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಮರದ ತುಂಡಿನಿಂದ ಮೆಲ್ಲಗೆ ತಟ್ಟಿ, ಕಾದೆವು. ಅಷ್ಟರಲ್ಲಿ ಬೆಂಕಿಗೂಡಿನ ಬೂದಿ ತೋಡೋಣವೆಂದು ನಾನು ಕೈ ಹಾಕಿದೆ.

“ಜಯಾ! ಕೈ ತೆಗಿಯೇ!”

ವಾರ್ಡಿನಲ್ಲಿ ನಾನು ಹಾಗೆ ಕೂಗುತ್ತಿದ್ದೆ. ನನ್ನ ಮೇಲೆ ಯಾರೂ ಕೂಗಿರಲಿಲ್ಲ. ಕೈ ತೆಗೆದೆ. ಗೂಡಿನ ತುಟಿಯ ಕೆಳಗೆ ಗುಲಗಂಜಿಯಷ್ಟು ಕರೀ ಜೇಡ, ಬೆನ್ನ ಮೇಲೆ ಕುಂಕುಮ ಎಳೆದಂತೆ ಕೆಂಪು ಗೀರು. ಬಹಳ ವಿಷದ್ದಂತೆ; ಬಳಸದ ಒಲೆಯೆಂದರೆ ಅದಕ್ಕೆ ಅರಮನೆ. ಫ್ರೆಡ್ಡಿ ಪ್ರತಿ ಸಲ ಮೊದಲು ಕಡ್ಡಿ ಆಡಿಸಿ, ಆಮೇಲೆ ಕೈ ಹಾಕುತ್ತಿದ್ದನಂತೆ. ಸುಶೀಲ ಕಡ್ಡಿ ತಂದು, ಗೂಡು, ಹೊಗೆಕೊಳವೆ, ಕಾಲುಗಳ ಸಂದಿ ಎಲ್ಲ ಕಡೆ ಆಡಿಸಿದಳು. ಅವಳ ಕೈ ಎಲ್ಲಿ ಬಾಗಬೇಕು, ಎಲ್ಲಿ ತಿರುಗಬೇಕು ಎಂಬುದನ್ನು ಮರೆತಿರಲಿಲ್ಲ.

ಬೂದಿ ತೇವ ಕುಡಿದು ಗಾರೆಯ ಹಾಗೆ ಗಟ್ಟಿಯಾಗಿತ್ತು. ಒಣ ಬೂದಿ ಕಬ್ಬಿಣಕ್ಕೆ ಏನೂ ಮಾಡುವುದಿಲ್ಲ, ಒದ್ದೆ ಬೂದಿ ಅದನ್ನು ತಿನ್ನುತ್ತದೆ. ಬೆಂಕಿಗೂಡಿನ ತಳ ಒಂದು ಕಡೆ ತೆಳುವಾಗಿತ್ತು. ಕಡ್ಡಿಯಲ್ಲಿ ತಟ್ಟಿ, ಎದೆಯ ಸದ್ದು ಕೇಳುವ ಹಾಗೆ ಕಿವಿಯಿಟ್ಟು ಕೇಳಿದೆ. ತೂತು ಬಿದ್ದಿರಲಿಲ್ಲ.

ಸುಶೀಲ ಒಳಗಿನಿಂದ ಸ್ಪ್ರೇ ಡಬ್ಬವೊಂದನ್ನು ತಂದಳು. ಒಲೆಯ ಜಿಡ್ಡು ತೆಗೆಯುವ ಔಷಧಿ. ನಾನು ಔಷಧಿಯ ಡಬ್ಬವನ್ನು ಓದದೆ ಬಳಸಿದವಳಲ್ಲ. ಕೈಗೆ ತಾಗಕೂಡದು, ಕಣ್ಣಿಗೆ ಬೀಳಕೂಡದು, ಉಸಿರಿಗೆ ಹೋಗಕೂಡದು ಎಂದಿತ್ತು.

“ಇದನ್ನ ಹಾಕಿ ಆಮೇಲೆ ಅದರ ಮೇಲೇ ಅನ್ನ ಬೇಯಿಸ್ತೀರಾ? ಬಕೆಟ್ ತಗೊಂಡು ಬಾ. ಬಿಸಿನೀರು ತಾ. ಬೂದಿ ನಮ್ಮ ಹತ್ರಾನೇ ಇದೆ.”

ಜಾಲರಿ ಮುಚ್ಚಳ ತೆರೆಯದೆಯೂ ಪಕ್ಕದಿಂದ ಎಳೆದರೆ ಬರುವಂಥದು. ಅದನ್ನು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮಲಗಿಸಿ, ಬೂದಿ ಚೆಲ್ಲಿ, ಕುದಿನೀರು ಹೊಯ್ದೆವು. ಜಿಡ್ಡು ನೊರೆಯಾಗಿ ಬಿಡತೊಡಗಿತು. ನನ್ನ ನಾರು ಕಸದ ಪೆಟ್ಟಿಗೆಯಲ್ಲಿತ್ತು. ಈರುಳ್ಳಿ ಬಂದಿದ್ದ ಬಲೆಯ ಚೀಲವನ್ನು ಮುದ್ದೆ ಕಟ್ಟಿ ಉಜ್ಜಲು ಕೂತೆ. ಬೇಲಿಯ ಮೇಲೆ ಬ್ರೂನೋನ ಟೋಪಿ ಕಾಣಿಸಿತು. ಇಟಲಿಯಿಂದ ಬಂದವನು, ಹೆಂಡತಿ ತೀರಿದ ಮೇಲೆ ಒಬ್ಬನೇ ಇರುವವನು. ಅವನ ಇಂಗ್ಲಿಷು ನನ್ನದಕ್ಕಿಂತ ಮುರುಕು. ಅದಕ್ಕೇ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು.

“ನೀರು ಹಾಕುತ್ತೀರಾ?” ಅವನು ಎದೆ ಮುಟ್ಟಿಕೊಂಡ. “ಸಿಸ್ಟರ್, ಬೆಂಕಿಯನ್ನು ನೀರಲ್ಲಿ ತೊಳೆಯುವವರುಂಟೆ? ಚೆನ್ನಾಗಿ ಉರಿಸಿ. ಎಲ್ಲ ಸುಟ್ಟು ಹೋಗುತ್ತದೆ. ಆಮೇಲೆ ಬ್ರಷ್ಷು. ಅಷ್ಟೇ.”

“ನಿಮ್ಮ ತಟ್ಟೆಯನ್ನೂ ಹಾಗೇ ಸುಡುತ್ತೀರಾ?” ಎಂದೆ.

ಅವನು ಜೋರಾಗಿ ನಕ್ಕು, ತಂತಿಯ ಬ್ರಷ್ಷನ್ನು ಬೇಲಿಯ ಮೇಲಿಂದ ಕೊಟ್ಟ. ಉಜ್ಜಿದ ಮೇಲೆ ಬ್ರಷ್ಷಿನ ತಂತಿಯೊಂದೂ ಸರಳಿನ ಮೇಲೆ ಉಳಿಯಬಾರದು, ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ ಎಂದ. ಊಟದ ಜೊತೆ ತಂತಿ ನುಂಗಿದವರನ್ನು ನಾನೂ ನೋಡಿದ್ದೆ. ಆ ಮಾತಿಗೆ ಅವನ ಮೇಲೆ ಗೌರವ ಬಂತು.

ಮುಚ್ಚಳದ ಒಳಮೈ

ಮಧ್ಯಾಹ್ನದ ಹೊತ್ತಿಗೆ ಕೀಲು ಬಿಟ್ಟಿತು. ಮುಚ್ಚಳ ಎತ್ತಿದಾಗ ಒಳಗಿನಿಂದ ಬಂದದ್ದು ಕಮಟು ವಾಸನೆಯೇ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು: ಹಳೆಯ ಹೊಗೆ, ಮೆಣಸು, ಸುಟ್ಟ ಕೊಬ್ಬು. ಸುಶೀಲ ಒಂದು ಹೆಜ್ಜೆ ಹಿಂದೆ ಹೋಗಿ, ಲಿಂಬೆ ಗಿಡದ ಹತ್ತಿರ ಬೆನ್ನು ಮಾಡಿ ನಿಂತಳು. ನಾನು ಕರೆಯಲಿಲ್ಲ. ತಳದ ತಟ್ಟೆಯಲ್ಲಿ ಹೆಪ್ಪುಗಟ್ಟಿದ್ದ ಕೊಬ್ಬನ್ನು ಕೆರೆದು ಹಳೆಯ ಪೇಪರಿನಲ್ಲಿ ಕಟ್ಟಿದೆ. ಹೊಗೆಕೊಳವೆಯೊಳಗೆ ಚಿಂದಿ ಕಟ್ಟಿದ ಕೋಲು ತೂರಿಸಿ ಮಸಿ ಇಳಿಸಿದೆ. ಆಮೇಲೆ ಮುಚ್ಚಳದ ಒಳಮೈ. ಕರೀ ಹಕ್ಕಳೆಗಳು ಎದ್ದು ನಿಂತಿದ್ದವು. ಉಗುರು ಹಾಕಿದರೆ ಉದುರುತ್ತಿದ್ದವು. ಬ್ರಷ್ಷು ಹಿಡಿದು ಉಜ್ಜತೊಡಗಿದೆ. ಹಕ್ಕಳೆ ಹೋಯಿತು, ಅದರ ಕೆಳಗೆ ನುಣ್ಣಗೆ, ಕನ್ನಡಿಯಂತೆ ಇನ್ನೊಂದು ಕಪ್ಪು. ಅದನ್ನೂ ಬಿಡಬಾರದೆಂದು ಬ್ರಷ್ಷು ಒತ್ತಿದೆ. ಕೊಳೆ ಎಂದರೆ ಕೊಳೆ. ನಾನು ಕಲಿತದ್ದು ಹಾಗೆ.

ಸುಶೀಲ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು.

“ಸಾಕು ಬಿಡೇ! ಅದು ಕೊಳೆ ಅಲ್ಲ. ಕಾವಲಿ ಕಣೇ ಅದು, ಕಾವಲಿ! ನಿನ್ನ ದೋಸೆ ಕಾವಲಿನ ಯಾರಾದ್ರೂ ಹಿಂಗೆ ಉಜ್ಜಿದ್ರೆ ಏನ್ಮಾಡ್ತಿದ್ದೆ?”

ನನ್ನ ಕೈ ನಿಂತಿತು. ಮುಳಬಾಗಿಲಿನ ಸಂತೆಯಲ್ಲಿ ಕೊಂಡ ನನ್ನ ಕಾವಲಿ ಈಗಲೂ ಕೋಲಾರದಲ್ಲಿದೆ. ಅದಕ್ಕೆ ಸೋಪು ತೋರಿಸಿದ ಕೆಲಸದವಳನ್ನು ನಾನು ಅಂದೇ ಬಿಡಿಸಿದ್ದೆ. ಎಣ್ಣೆ, ಬೆಂಕಿ, ವರ್ಷಗಳು ಸೇರಿ ಕಟ್ಟಿದ ಆ ಕಪ್ಪು ಹೋದರೆ ದೋಸೆ ಏಳುವುದಿಲ್ಲ.

“ಉದುರೋದನ್ನ ತೆಗಿ. ಅಂಟ್ಕೊಂಡಿರೋದನ್ನ ಬಿಡು,” ಎಂದಳು ಸುಶೀಲ. “ಅವನು ಹಂಗೇ ಹೇಳ್ತಿದ್ದ. ಬಿಸಿ ಇರುವಾಗ ಕೆರೆಯೋನು. ಆಮೇಲೆ ಅರ್ಧ ಈರುಳ್ಳಿನ ಫೋರ್ಕಿಗೆ ಚುಚ್ಚಿ, ಎಣ್ಣೆಗೆ ಅದ್ದಿ, ಸರಳಿಗೆಲ್ಲಾ ತಿಕ್ಕೋನು.”

“ಈರುಳ್ಳೀಲಾ?”

“ಅರ್ಧ ಈರುಳ್ಳಿ. ಈ ಬೀದೀಲಿ ಈಗ ಎಲ್ಲರೂ ಹಂಗೇ ಮಾಡ್ತಾರೆ. ಬ್ರೂನೋನ ಕೇಳು.”

ಬೇಲಿಯಾಚೆಯಿಂದ ಬ್ರೂನೋ, “ಈರುಳ್ಳಿಯಾ? ಹೌದು, ಫ್ರೆಡ್ಡಿ ಕಲಿಸಿದ್ದು. ಬಹಳ ಒಳ್ಳೆಯದು!” ಎಂದು ಕೂಗಿದ. ನಾವು ಕನ್ನಡದಲ್ಲಿ ಆಡಿದ್ದು ಅವನಿಗೆ ಹೇಗೆ ತಿಳಿಯಿತೆಂದು ಕೇಳಿದರೆ, ಸುಶೀಲ ಈರುಳ್ಳಿ ತಿಕ್ಕುವ ಹಾಗೆ ಕೈ ಆಡಿಸಿದ್ದಳಂತೆ.

“ಫ್ರೆಡ್ಡಿಗೆ ಯಾರು ಕಲ್ಸಿದ್ದು, ಗೊತ್ತಾ?” ಎಂದಳು ಸುಶೀಲ. “ನೀನು.”

ಕ್ವಾರ್ಟರ್ಸಿನೊಳಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಫ್ರೆಡ್ಡಿ ಗಣಿಯಿಂದ ಸೈಕಲ್ಲಿನಲ್ಲಿ ಬಂದು ಅಡುಗೆಮನೆಯ ಕಿಟಕಿಯ ಹೊರಗೆ ನಿಲ್ಲುತ್ತಿದ್ದ. ಸುಶೀಲ ತಲೆ ಬಾಚಿಕೊಳ್ಳುವವರೆಗೆ ಅವನಿಗೆ ಕಿಟಕಿಯ ಸರಳಿನ ಸಂದಿಯಿಂದ ದೋಸೆ ಕೊಡುವುದು ನನ್ನ ಪಾಲಿನ ಕೆಲಸ. ಪ್ರತಿ ದೋಸೆಗೂ ಮೊದಲು ನಾನು ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಕಾವಲಿಗೆ ತಿಕ್ಕುತ್ತಿದ್ದೆ. ಅವನು ದೋಸೆ ನೋಡುತ್ತಿದ್ದಾನೆ ಎಂದುಕೊಂಡಿದ್ದೆ. ಫಿಟ್ಟರು ಕಬ್ಬಿಣ ನೋಡುತ್ತಿದ್ದ.

“ಬೆಂಕಿ ಮುಂದೆ ನಿಂತ್ಕೊಂಡಾಗಲೆಲ್ಲಾ ಹೇಳೋನು, ದಿಸ್ ಈಸ್ ಜಯಾಸ್ ಟ್ರಿಕ್ ಅಂತ. ಬೀದೀಲಿ ನಿನ್ನ ಹೆಸರು ನಿನಗಿಂತ ಮೊದಲೇ ಬಂದಿತ್ತು ಕಣೇ.”

ಮುಚ್ಚಳದ ಮೇಲಿನ ಹಿಡಿಯನ್ನು ಕೈಗೆತ್ತಿಕೊಂಡೆ. ಗಣಿಯ ಯಾವುದೋ ಯಂತ್ರದಿಂದ ತಂದ ಹಿತ್ತಾಳೆಯ ಹಿಡಿ, ಹಸಿರು ಕಟ್ಟಿತ್ತು. ಹುಣಿಸೇಹಣ್ಣಿಗೆ ಉಪ್ಪು ಸೇರಿಸಿ ಉಜ್ಜಿದೆ. ಬಂಗಾರದ ಬಣ್ಣ ಬರುವವರೆಗೆ ಉಜ್ಜಿದೆ.

ಬೇಲಿ

ತೊಳೆದ ಕಬ್ಬಿಣವನ್ನು ಹಾಗೇ ಬಿಡುವಂತಿಲ್ಲ. ಎಣ್ಣೆ ಸವರಿ ಕಾಯಿಸಬೇಕು, ಇಲ್ಲವಾದರೆ ಬೆಳಗಾಗುವುದರೊಳಗೆ ತುಕ್ಕು ಕೂರುತ್ತದೆ. ಲಾರಿಗೆ ಹೋಗುವ ಒಲೆಗೆ ಎಣ್ಣೆ ಏಕೆ ಎಂದು ಸುಶೀಲ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ.

ಶೆಡ್ಡಿನಲ್ಲಿ ಫ್ರೆಡ್ಡಿ ಸೀಳಿಟ್ಟ ಸೌದೆ ಇನ್ನೂ ಒಟ್ಟಿದ ಹಾಗೇ ಇತ್ತು. ಕೆಂಪು ಮರ. ಅದನ್ನು ಸುಶೀಲ ಮುಟ್ಟಗೊಟ್ಟಿರಲಿಲ್ಲ. ಬಿಸಾಡುವ ಗುಂಪಿಗೂ ಸೇರಿಸಿರಲಿಲ್ಲ, ಕೊಡುವ ಗುಂಪಿಗೂ ಸೇರಿಸಿರಲಿಲ್ಲ. ಈಗ ತಾನೇ ಹೋಗಿ ತೋಳು ತುಂಬ ತಂದಳು. ಗೂಡಿನಲ್ಲಿ ಜೋಡಿಸಿ, ಕಡ್ಡಿ ಗೀರಿ, ಕೂತು ಊದಿದಳು. ಹೊಗೆ ಮೊದಲು ಅವಳ ಮುಖಕ್ಕೆ ಬಂತು. ಆಮೇಲೆ ದಾರಿ ಕಂಡುಕೊಂಡು, ಪೀಪಾಯಿಯೊಳಗೆ ಹರಿದು, ಕೊಳವೆಯಿಂದ ನೆಟ್ಟಗೆ ಎದ್ದಿತು. ರೈಲಿನಲ್ಲಿ ಹೋಗುವಾಗ ಮಾಲೂರಿನ ಹೆಂಚಿನ ಕಾರ್ಖಾನೆಗಳ ಕೊಳವೆಗಳು ಹೀಗೇ ಕಾಣುತ್ತವೆ. ಊರು ಹತ್ತಿರ ಬಂತೆಂದು ನಾವು ಗಂಟು ಕೈಗೆ ತೆಗೆದುಕೊಳ್ಳುತ್ತೇವೆ.

ಬ್ರೂನೋ ನೀರಿನ ಕೊಳವೆ ಕೆಳಗಿಟ್ಟು ಟೋಪಿ ತೆಗೆದ. ಎದುರು ಮನೆಯ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಹಿಂದಿನ ಮನೆಯ ಗಂಡಹೆಂಡಿರು ಬೇಲಿಯ ಮೇಲೆ ಮುಖವಿಟ್ಟರು. ಎಲ್ಲರೂ ಹೇಳಿದ್ದು ಒಂದೇ ಮಾತು: “ಫ್ರೆಡ್ಡಿಯ ಹೊಗೆ!” ಹೇಗಿದ್ದೀರಿ ಎಂದು ಕೇಳಿ ಓಡುವ ಆ ಜನ ಅಂದು ನಿಂತರು. ಮನೆಗೆ ಹೋಗಿ ಸಾಸೇಜು, ಕೋಳಿ, ಬ್ರೆಡ್ಡು ತಂದರು. ಬ್ರೂನೋ ಬದನೆಕಾಯಿ ಕಿತ್ತು ತಂದ.

“ಸಿಸ್ಟರ್, ನಿಮಗೊಂದು ಸಾಸೇಜು?”

“ಇವತ್ತು ಶನಿವಾರ. ಮಾಂಸ ತಿನ್ನುವುದಿಲ್ಲ.”

“ಶನಿವಾರ ಏನು ತಪ್ಪು ಮಾಡಿದೆ?”

ಅದನ್ನು ಇಂಗ್ಲಿಷಿನಲ್ಲಿ ವಿವರಿಸುವ ಶಕ್ತಿ ನನಗಿರಲಿಲ್ಲ. ಸುಶೀಲ ಜಾಲರಿಯ ಒಂದು ಪಕ್ಕವನ್ನು ನನ್ನ ಬದನೆಕಾಯಿಗೆ ಬಿಡಿಸಿ, ಅದರ ಮೇಲೆ ಕೊಬ್ಬು ಸಿಡಿಯದಂತೆ ನಡುವೆ ಸೌದೆಯ ಸೀಳೊಂದನ್ನು ಅಡ್ಡ ಇಟ್ಟಳು. ಫೋರ್ಕಿಗೆ ಚುಚ್ಚಿದ ಅರ್ಧ ಈರುಳ್ಳಿ ಅವಳ ಕೈಯಲ್ಲಿತ್ತು. “ನೀನು ಅಲ್ಲಿ ನಿಲ್ಲಬೇಡ, ಗಾಳಿ ಅಡ್ಡ. ಬ್ರೂನೋ, ಮುಚ್ಚಳ ಮುಚ್ಚು. ಮುಚ್ಚು ಅಂದೆ, ಇಣುಕಬೇಡ,” ಎಂದು ಒಬ್ಬೊಬ್ಬರಿಗೂ ಹುಕುಂ ಕೊಡುತ್ತಿದ್ದಳು. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಎಲ್ಲರೂ ಪಾಲಿಸುತ್ತಿದ್ದರು. ನಾನು ಬಂದಂದಿನಿಂದ ಅವಳನ್ನು ಹಾಗೆ ನೋಡಿರಲಿಲ್ಲ. ಕ್ವಾರ್ಟರ್ಸಿನ ಕೋಣೆಯಲ್ಲಿ ನೋಡಿದ್ದೆ.

ಒಳಗೆ ಹೋಗಿ ಮುದ್ದೆ ತಿರುವಿದೆ. ಸುಟ್ಟ ಬದನೆಕಾಯಿಯ ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ, ಈರುಳ್ಳಿ, ಉಳಿದ ಹುಣಿಸೆ ಹಾಕಿ ಕಿವುಚಿ ಗೊಜ್ಜು ಮಾಡಿದೆ. ಸುಶೀಲ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಬ್ರೂನೋ ಮುದ್ದೆಯನ್ನು ಅಗಿದು ಅಗಿದು ಸೋತ. ನುಂಗಬೇಕು, ಅಗಿಯಬಾರದು ಎಂದು ನಾವಿಬ್ಬರೂ ಒಟ್ಟಿಗೆ ಹೇಳಿದೆವು.

“ಕುರ್ಚಿಗಳೆಲ್ಲಿ ಸುಶೀ?” ಎಂದು ಕೇಳಿದ ಬ್ರೂನೋ, ಹುಲ್ಲಿನ ಮೇಲೆ ಕೂರುತ್ತ. ಅವಳು ಅವನ ತಟ್ಟೆಗೆ ಇನ್ನಷ್ಟು ಗೊಜ್ಜು ಬಡಿಸಿದಳು.

ಮತ್ತೆ ರಸ್ತೆಯಂಚು

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಹೋದರು. ಬೆಂಕಿ ಕೆಂಡವಾಗಿ, ಕೆಂಡ ಬೂದಿಯಾಗುತ್ತಿತ್ತು. ನಾವಿಬ್ಬರೇ ಉಳಿದೆವು.

“ಜಯಾ, ಇದನ್ನ ಹೊರಗೆ ಹಾಕಲ್ಲ ಕಣೇ.”

“ಸರಿ. ಬ್ರೂನೋಗೆ ಕೊಡು. ಚೆನ್ನಾಗಿ ನೋಡ್ಕೊಳ್ತಾನೆ.”

“ಅವನಿಗೂ ಕೊಡಲ್ಲ.”

ಅವಳು ಹಿತ್ತಾಳೆಯ ಹಿಡಿಯ ಮೇಲೆ ಕೈಯಿಟ್ಟುಕೊಂಡಿದ್ದಳು.

“ಅಲ್ಲಿ ನನ್ನನ್ನ ಲೇ ಅನ್ನೋಳು ನೀನೊಬ್ಬಳಿದ್ದೀಯ. ಅದಕ್ಕೇ ಬರ್ತೀನಿ ಅಂದೆ. ಆದ್ರೆ ಇಲ್ಲಿಂದ ನಾನು ಹೋದ್ರೆ ಈ ಹೊಗೆ ಏಳಲ್ಲ, ಫ್ರೆಡ್ಡಿ ಅನ್ನೋರು ಒಬ್ಬರೂ ಇರಲ್ಲ ಕಣೇ. ಇವತ್ತು ಹೊಗೆ ಎದ್ದ ತಕ್ಷಣ ಎಲ್ಲರೂ ಏನಂದ್ರು, ಕೇಳಿಸ್ಕೊಂಡೆಯಲ್ಲ?”

“ಕೇಳಿಸ್ಕೊಂಡೆ.”

“ಕೋಪಾನಾ?”

ಸುಣ್ಣ ಹೊಡೆಸಿದ ಕೋಣೆ, ಹಿಂಜಿಸಿದ ಹತ್ತಿ, ಬೆಟ್ಟದ ಕಡೆಯ ಕಿಟಕಿ ಎಲ್ಲ ನನ್ನ ಕಣ್ಣ ಮುಂದೆ ಬಂದವು. ಎದ್ದು ಹೊಗೆಕೊಳವೆಯ ಬಾಯಿ ನೋಡಿದೆ.

“ಲೇ ಸುಶೀ, ಒಂದು ಖಾಲಿ ಡಬ್ಬ ಕೊಡು. ಕೊಳವೆ ಬಾಯಿ ಮುಚ್ಚಬೇಕು. ಮಳೆ ನೀರು ಒಳಗೆ ಹೋದ್ರೆ ಬೂದಿ ಮತ್ತೆ ಕಬ್ಬಿಣ ತಿನ್ನುತ್ತೆ. ಪ್ರತಿ ಸಲ ಬೂದಿ ಆರಿದ ಮೇಲೆ ತೋಡ್ಬೇಕು, ನಾಳೆ ಅಂದ್ಕೋಬೇಡ. ಜಿಡ್ಡಿನ ತಟ್ಟೆ ತುಂಬೋಕೆ ಬಿಡ್ಬೇಡ, ಬೆಂಕಿ ಹತ್ಕೊಳ್ಳುತ್ತೆ. ಮೊದಲು ಕಡ್ಡಿ, ಆಮೇಲೆ ಕೈ. ಗೂಡಿನ ತಳ ತೆಳ್ಳಗಾಗಿದೆ, ಬ್ರೂನೋಗೆ ಹೇಳಿ ಒಂದು ತಗಡು ಬೆಸುಗೆ ಹಾಕ್ಸು.”

“ಆಯ್ತು ಮೇಟ್ರನ್ನಮ್ಮಾ,” ಎಂದಳು. ಒಳಗೆ ಹೋಗಿ ಡಬ್ಬ ತಂದಳು.

ಬೂದಿ ಆರಿದ ಮೇಲೆ ತೋಡಿ ಲಿಂಬೆ ಗಿಡದ ಬುಡಕ್ಕೆ ಹಾಕಿದೆ. ಜಾಲರಿಗೆ ಎಣ್ಣೆ ಸವರಿದೆ. ಕೊಳವೆಗೆ ಡಬ್ಬ ಕವುಚಿದೆ. ಬ್ರಷ್ಷು ತೊಳೆದು ಬೇಲಿಗೆ ಒರಗಿಸಿದೆ. ಇನ್ನೊಂದು ಕೆಲಸ ಉಳಿದಿತ್ತು. ಬೆಳಿಗ್ಗೆ ನಾನೇ ಹೊತ್ತೊಯ್ದಿಟ್ಟ ಕುರ್ಚಿಗಳನ್ನು ನಾನೇ ವಾಪಸು ತರಬೇಕು.

ರಸ್ತೆಯಂಚಿಗೆ ಹೋದೆ. ಯಾರೋ ಅವರ ಪದ್ಧತಿಯಂತೆ ಕೇಳದೆ ಒಂದು ಕುರ್ಚಿಯನ್ನು ಒಯ್ದಿದ್ದರು. ಇನ್ನೊಂದು ಹುಲ್ಲಿನ ಮೇಲಿತ್ತು. ಅದನ್ನು ಹೊತ್ತು ತಂದು, ಕಾಲುಗಳಿಗೆ ಅಂಟಿದ ಹುಲ್ಲು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಲೆಯ ಪಕ್ಕದಲ್ಲಿ ಹಾಕಿದೆ. ಕೈ ತೊಳೆದುಕೊಂಡೆ.